ಸಾಜುವಿನಲ್ಲಿ ಹೊಸ ವರ್ಷ ಹುಟ್ಟುವುದು ಯಾವಾಗ: ಇಪ್ಚುನ್ ಹಿಡಿದು ಜಾತಕ ಹಾಕುವ ಕ್ರಮ

ಕೊರಿಯಾದ ಜಾತಕ ಪದ್ಧತಿಯಾದ ಸಾಜುವಿನ ಪ್ರಕಾರ, 2024ರ ಫೆಬ್ರವರಿ 4ರಂದು ಸೋಲ್‌ನಲ್ಲಿ ಸಂಜೆ 5.10ಕ್ಕೆ ಹುಟ್ಟಿದ ಮಗು ಮೊಲದ ವರ್ಷದ್ದು. ಅದೇ ಸಂಜೆ 5.50ಕ್ಕೆ ಹುಟ್ಟಿದ ಮಗು ಡ್ರ್ಯಾಗನ್ ವರ್ಷದ್ದು. ಆ ವರ್ಷ ಕೊರಿಯಾದವರು ಸೊಲ್ಲಾಲ್ ಎಂದು ಆಚರಿಸುವ ಚಾಂದ್ರಮಾನದ ಹೊಸ ವರ್ಷ ಬಂದದ್ದು ಫೆಬ್ರವರಿ 10ಕ್ಕೆ. ಹಾಗಾಗಿ ಸೊಲ್ಲಾಲ್ ಹಿಡಿದು ಎಣಿಸುವ ಮನೆಯಲ್ಲಿ ಎರಡೂ ಮಕ್ಕಳು ಮೊಲವೇ. ಸಾಜು ಹಾಕುವವರು ಮಾತ್ರ ಇಬ್ಬರಿಗೂ ಬೇರೆ ಬೇರೆ ವರ್ಷ ಬರೆಯುತ್ತಾರೆ. ಅವರ ವರ್ಷ ಚಂದ್ರನನ್ನು ನೋಡುವುದಿಲ್ಲ, ಸೂರ್ಯನನ್ನು ನೋಡುತ್ತದೆ. ಅದು ಶುರುವಾಗುವುದು ಒಂದು ತಾರೀಖಿಗಲ್ಲ, ಒಂದು ನಿಮಿಷಕ್ಕೆ.

ಆ ನಿಮಿಷದ ಹೆಸರು ಇಪ್ಚುನ್. ಸೂರ್ಯನ ಸಾಯನ ರೇಖಾಂಶ (ವಸಂತ ವಿಷುವದ ಬಿಂದುವಿನಿಂದ ಅಳೆಯುವ ಸ್ಥಾನ) ಸರಿಯಾಗಿ 315 ಡಿಗ್ರಿ ಮುಟ್ಟುವ ಕ್ಷಣ ಅದು. ಇಲ್ಲಿ ಅಯನಾಂಶ (ಸಾಯನಕ್ಕೂ ನಕ್ಷತ್ರ ಹಿಡಿದು ಎಣಿಸುವ ನಿರಯನಕ್ಕೂ ಇರುವ ಅಂತರ) ಕಳೆಯುವ ಮಾತೇ ಇಲ್ಲ. ನಿರಯನ ಪದ್ಧತಿಯಲ್ಲಿ ಪಳಗಿದವರು ರೂಢಿಯ ಬಲದಿಂದ 24 ಡಿಗ್ರಿ ಕಳೆದುಬಿಟ್ಟರೆ ಹೊಸ ವರ್ಷ ಫೆಬ್ರವರಿ ಕೊನೆಗೆ ಜಾರುತ್ತದೆ, ಇಡೀ ಜಾತಕ ಕೆಡುತ್ತದೆ. ಇನ್ನೊಂದು ಎಚ್ಚರ: ಸಾಯನ ಕುಂಭ ಶುರುವಾಗುವುದು 300 ಡಿಗ್ರಿಗೆ, ಇಪ್ಚುನ್ ಬೀಳುವುದು ಆ ರಾಶಿಯ ನಟ್ಟನಡುವೆ. ಆದ್ದರಿಂದ ಸಂಕ್ರಮಣದ ಪಟ್ಟಿ ನೋಡಿ ಇಪ್ಚುನ್ ಊಹಿಸಲು ಬರುವುದಿಲ್ಲ.

ಸಾಜುವಿನಲ್ಲಿ ನಾಲ್ಕು ಕಂಬ: ವರ್ಷ, ತಿಂಗಳು, ದಿನ, ಹೊತ್ತು. ಒಂದೊಂದು ಕಂಬಕ್ಕೂ ಮೇಲೊಂದು ಕಾಂಡ, ಕೆಳಗೊಂದು ಕೊಂಬೆ, ಒಟ್ಟು ಎಂಟು ಅಕ್ಷರ. ಕಾಂಡಗಳು ಹತ್ತು: ಗಾಪ್, ಉಲ್, ಬ್ಯೊಂಗ್, ಜೊಂಗ್, ಮು, ಗಿ, ಗ್ಯೊಂಗ್, ಸಿನ್, ಇಮ್, ಗ್ಯೆ. ಕೊಂಬೆಗಳು ಹನ್ನೆರಡು: ಜಾ, ಚುಕ್, ಇನ್, ಮ್ಯೊ, ಜಿನ್, ಸಾ, ಒ, ಮಿ, ಸಿನ್, ಯು, ಸುಲ್, ಹೇ. ಇಲಿಯಿಂದ ಹಂದಿಯವರೆಗಿನ ಹನ್ನೆರಡು ಪ್ರಾಣಿಗಳು ಇದೇ ಕ್ರಮದಲ್ಲಿ ಕೊಂಬೆಗಳ ಮೇಲೆ ಕೂತಿವೆ. ಕಾಂಡದಲ್ಲೂ ಒಂದು ಸಿನ್, ಕೊಂಬೆಯಲ್ಲೂ ಒಂದು ಸಿನ್ ಇರುವುದನ್ನು ಗಮನಿಸಿ. ಉಚ್ಚಾರ ಒಂದೇ ಆದರೂ ಅವು ಬೇರೆ ಬೇರೆ ಅಕ್ಷರಗಳು.

ಮೊದಲು ಹುಟ್ಟಿದ ದಿನವನ್ನು ಸೌರಮಾನದ, ಅಂದರೆ ಇಂಗ್ಲಿಷ್ ಕ್ಯಾಲೆಂಡರಿನ, ತಾರೀಖಿಗೆ ತನ್ನಿ. ಕೊರಿಯಾದಲ್ಲಿ ಹಿರಿಯರು ಹೇಳುವ ಹುಟ್ಟುಹಬ್ಬ ಹೆಚ್ಚಾಗಿ ಚಾಂದ್ರಮಾನದ್ದು. ಹಳೆಯ ದಾಖಲೆಗಳಲ್ಲಿ ನೋಂದಣಿ ತಡವಾಗಿ ಬಿದ್ದು ತಾರೀಖು ಬದಲಾಗಿರುವುದೂ ಉಂಟು. ಹಾಗಾಗಿ "ಇದು ಚಾಂದ್ರಮಾನವೋ ಸೌರಮಾನವೋ, ಅಧಿಕಮಾಸವೋ ನಿಜಮಾಸವೋ" ಎಂದು ಕೇಳದೆ ಮುಂದೆ ಹೋಗಬೇಡಿ. 2025ರಲ್ಲಿ ಆರನೆಯ ತಿಂಗಳು ಎರಡು ಸಲ ಬಂತು, ಅಧಿಕಮಾಸ ಜುಲೈ 25ರಿಂದ ಆಗಸ್ಟ್ 22ರವರೆಗೆ ಇತ್ತು. "ಆರನೆಯ ತಿಂಗಳ 10" ಎಂದಷ್ಟೇ ಹೇಳಿದರೆ ಒಂದು ತಿಂಗಳು ಆಚೀಚೆ ಆಗುತ್ತದೆ. ಸೌರಮಾನದ ತಾರೀಖು ಸಿಕ್ಕಿತೆಂದರೆ ಅಧಿಕಮಾಸವನ್ನು ಮರೆತುಬಿಡಿ. ಸಾಜುವಿನ ತಿಂಗಳಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು, ಆ ಇಸವಿಯ ಇಪ್ಚುನ್ ಕ್ಷಣ ಹುಡುಕಿ. ಕೊರಿಯಾ ಖಗೋಳ ಮತ್ತು ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಸೂರ್ಯನ ದಾರಿಯನ್ನು 15 ಡಿಗ್ರಿಗೊಂದರಂತೆ ಭಾಗಿಸುವ 24 ಸೌರ ಘಟ್ಟಗಳ ಸಮಯವನ್ನು ಪ್ರತಿ ವರ್ಷ ನಿಮಿಷದ ತನಕ ಪ್ರಕಟಿಸುತ್ತದೆ. ಸಾಜು ಹಾಕುವವರ ಕೈಪಿಡಿಯಾದ ಮಾನ್ಸೆರ್ಯೊಕ್‌ನಲ್ಲೂ, ಅದರ ಆ್ಯಪ್‌ಗಳಲ್ಲೂ ಇದೇ ಸಿಗುತ್ತದೆ. ಕೊರಿಯಾದ ಗಡಿಯಾರದಲ್ಲಿ ಕೆಲವು ವರ್ಷಗಳ ಲೆಕ್ಕ ಹೀಗಿದೆ: 2024ರಲ್ಲಿ ಫೆಬ್ರವರಿ 4, 17.27, 2025ರಲ್ಲಿ ಫೆಬ್ರವರಿ 3, 23.10, 2026ರಲ್ಲಿ ಫೆಬ್ರವರಿ 4, 5.02. ಸೌರ ವರ್ಷ 365 ದಿನ 5 ಗಂಟೆ 49 ನಿಮಿಷದ್ದಾದ್ದರಿಂದ ಇಪ್ಚುನ್ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಹೋಗುತ್ತದೆ, ಅಧಿಕ ವರ್ಷದ ಫೆಬ್ರವರಿ 29 ಅದನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ. 2021ರಲ್ಲಿ ಅದು ಫೆಬ್ರವರಿ 3ರ ರಾತ್ರಿ 23.59ಕ್ಕೆ ಬಿತ್ತು. "ಇಪ್ಚುನ್ ಎಂದರೆ ಫೆಬ್ರವರಿ 4" ಎಂದು ಬಾಯಿಪಾಠ ಮಾಡಿಕೊಂಡವರು ಅಂಥ ವರ್ಷಗಳಲ್ಲೇ ತಪ್ಪುವುದು.

ಈಗ ವರ್ಷದ ಕಂಬ. ಹುಟ್ಟು ಇಪ್ಚುನ್‌ಗಿಂತ ಮುಂಚೆ ಆಗಿದ್ದರೆ ಇಸವಿಯಿಂದ 1 ಕಳೆಯಿರಿ. ಜನವರಿಯಲ್ಲಿ ಹುಟ್ಟಿದವರೆಲ್ಲರೂ ಇದರಲ್ಲೇ ಬರುತ್ತಾರೆ. ಉಳಿದ ಸಂಖ್ಯೆಯಿಂದ 4 ಕಳೆದು 10ರಿಂದ ಭಾಗಿಸಿದರೆ ಬರುವ ಶೇಷ ಕಾಂಡ (0 ಬಂದರೆ ಗಾಪ್, 9 ಬಂದರೆ ಗ್ಯೆ), 12ರಿಂದ ಭಾಗಿಸಿದರೆ ಬರುವ ಶೇಷ ಕೊಂಬೆ (0 ಬಂದರೆ ಜಾ). 2024ಕ್ಕೆ 2020 ಉಳಿಯುತ್ತದೆ, ಶೇಷ 0 ಮತ್ತು 4, ಅಂದರೆ ಗಾಪ್‌ಜಿನ್. 2023ಕ್ಕೆ 2019, ಶೇಷ 9 ಮತ್ತು 3, ಗ್ಯೆಮ್ಯೊ.

ಸೊಲ್ಲಾಲ್ ಜೊತೆಗಿನ ವ್ಯತ್ಯಾಸ ಎರಡೂ ಕಡೆಗೆ ಆಗುತ್ತದೆ. 2024ರ ಫೆಬ್ರವರಿ 7ರಂದು ಸೊಲ್ಲಾಲ್ ಇನ್ನೂ ಬಂದಿರಲಿಲ್ಲ, ಇಪ್ಚುನ್ ಆಗಿಹೋಗಿತ್ತು. 2025ರಲ್ಲಿ ಇದು ತಿರುವುಮುರುವಾಯಿತು: ಸೊಲ್ಲಾಲ್ ಜನವರಿ 29ಕ್ಕೇ ಬಂತು, ಆದರೆ ಫೆಬ್ರವರಿ 1ಕ್ಕೆ ಹುಟ್ಟಿದ ಮಗು ಸಾಜುವಿನಲ್ಲಿ ಇನ್ನೂ ಡ್ರ್ಯಾಗನ್. ಚಾಂದ್ರಮಾನದ ವರ್ಷ ಹೀಗೆ ಹಿಗ್ಗಿ ಕುಗ್ಗುವುದರಿಂದ ಒಂದೊಂದರಲ್ಲಿ ಎರಡು ಇಪ್ಚುನ್ ಸೇರುತ್ತವೆ, ಇನ್ನೊಂದರಲ್ಲಿ ಒಂದೂ ಇರುವುದಿಲ್ಲ. ಎರಡಿರುವುದನ್ನು ಸಾಂಗ್‌ಚುನ್‌ನ್ಯೊನ್ ಎಂದು ಕರೆದು ಮದುವೆಗೆ ಒಳ್ಳೆಯದೆಂದು ನಂಬುತ್ತಾರೆ. 2025ರ ಸೊಲ್ಲಾಲ್‌ನಿಂದ 2026ರ ಫೆಬ್ರವರಿ 16ರವರೆಗಿನ ವರ್ಷ ಅಂಥದ್ದು. ಅದರ ಹಿಂದಿನ ಚಾಂದ್ರ ವರ್ಷದಲ್ಲಿ ಇಪ್ಚುನ್ ಒಂದೂ ಇರಲಿಲ್ಲ. ಸಾಜುವಿನ ವರ್ಷಕ್ಕೆ ಮಾತ್ರ ಎಂದಿಗೂ ಒಂದೇ ಇಪ್ಚುನ್.

ತಿಂಗಳ ಕಂಬವೂ ಇದೇ ಸೂರ್ಯನ ಬೆನ್ನು ಹಿಡಿದಿದೆ. 24 ಘಟ್ಟಗಳಲ್ಲಿ ಒಂದು ಬಿಟ್ಟು ಒಂದರಂತೆ ಹನ್ನೆರಡಕ್ಕೆ ಜೊಲ್ ಎನ್ನುತ್ತಾರೆ, ಉಳಿದ ಹನ್ನೆರಡು ಜುಂಗ್ಗಿ. ಸಾಜುವಿನ ತಿಂಗಳು ಬದಲಾಗುವುದು ಜೊಲ್‌ನಲ್ಲಿ ಮಾತ್ರ. ಚಾಂದ್ರಮಾನದ ಅಧಿಕಮಾಸ ನಿರ್ಧರಿಸಲು ಬಳಸುವುದು ಜುಂಗ್ಗಿ, ಅದು ಇಲ್ಲಿ ಬೇಡ. ಇಪ್ಚುನ್ (315 ಡಿಗ್ರಿ) ಇನ್ ತಿಂಗಳನ್ನು ತೆರೆಯುತ್ತದೆ. ಅಲ್ಲಿಂದ 30 ಡಿಗ್ರಿಗೊಂದರಂತೆ ಗ್ಯೊಂಗ್ಚಿಪ್ (345) ಮ್ಯೊ ತಿಂಗಳನ್ನು, ಚೊಂಗ್‌ಮ್ಯೊಂಗ್ (15) ಜಿನ್ ತಿಂಗಳನ್ನು, ಇಪ್ಹಾ (45) ಸಾ ತಿಂಗಳನ್ನು, ಮಾಂಗ್‌ಜೊಂಗ್ (75) ಒ ತಿಂಗಳನ್ನು, ಸೊಸೊ (105) ಮಿ ತಿಂಗಳನ್ನು, ಇಪ್ಚು (135) ಸಿನ್ ತಿಂಗಳನ್ನು, ಬೇಂಗ್ನೊ (165) ಯು ತಿಂಗಳನ್ನು, ಹಾಲ್ಲೊ (195) ಸುಲ್ ತಿಂಗಳನ್ನು, ಇಪ್ತೊಂಗ್ (225) ಹೇ ತಿಂಗಳನ್ನು, ದೇಸೊಲ್ (255) ಜಾ ತಿಂಗಳನ್ನು, ಸೊಹಾನ್ (285) ಚುಕ್ ತಿಂಗಳನ್ನು ತೆರೆಯುತ್ತವೆ.

ತಿಂಗಳ ಕಾಂಡ ವರ್ಷದ ಕಾಂಡದಿಂದ ಬರುತ್ತದೆ. ವರ್ಷ ಗಾಪ್ ಅಥವಾ ಗಿ ಆದರೆ ಮೊದಲ ತಿಂಗಳು ಬ್ಯೊಂಗ್‌ಇನ್. ಉಲ್ ಅಥವಾ ಗ್ಯೊಂಗ್ ಆದರೆ ಮುಇನ್. ಬ್ಯೊಂಗ್ ಅಥವಾ ಸಿನ್ ಆದರೆ ಗ್ಯೊಂಗ್‌ಇನ್. ಜೊಂಗ್ ಅಥವಾ ಇಮ್ ಆದರೆ ಇಮ್‌ಇನ್. ಮು ಅಥವಾ ಗ್ಯೆ ಆದರೆ ಗಾಪ್‌ಇನ್. ಅಲ್ಲಿಂದ ಒಂದೊಂದೇ ಮುಂದಕ್ಕೆ ಎಣಿಸಿ. ಜನವರಿಯಲ್ಲಿ ಹುಟ್ಟಿದವರಿಗೆ ಹಿಂದಿನ ವರ್ಷದ ಕಾಂಡವನ್ನೇ ಹಿಡಿಯಬೇಕು. ಇದನ್ನು ಮರೆತರೆ ವರ್ಷ ಸರಿಯಿದ್ದೂ ತಿಂಗಳು ಕೆಡುತ್ತದೆ.

ದಿನದ ಕಂಬಕ್ಕೆ ಇಪ್ಚುನ್‌ನ ಹಂಗಿಲ್ಲ. ಕಾಂಡ, ಕೊಂಬೆಗಳು ಸೇರಿ ಆಗುವ 60 ಜೋಡಿಗಳ ಚಕ್ರ ವರ್ಷ, ತಿಂಗಳು ಯಾವುದನ್ನೂ ನೋಡದೆ ದಿನಕ್ಕೊಂದರಂತೆ ಉರುಳುತ್ತಲೇ ಇರುತ್ತದೆ. 2000ದ ಜನವರಿ 1 ಮುಒ, ಅಂದರೆ ಚಕ್ರದ 55ನೆಯ ಜೋಡಿ. ಅಲ್ಲಿಂದ 2024ರ ಫೆಬ್ರವರಿ 4ಕ್ಕೆ 8800 ದಿನ. 60ರಿಂದ ಭಾಗಿಸಿದರೆ ಶೇಷ 40. 55ಕ್ಕೆ 40 ಕೂಡಿಸಿ 60 ಕಳೆದರೆ 35, ಅದು ಮುಸುಲ್. ಆ್ಯಪ್ ಕೊಟ್ಟ ದಿನವನ್ನು ಹೀಗೆ ಒಮ್ಮೆ ಕೈಲೆಕ್ಕದಲ್ಲಿ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಹೊತ್ತಿನ ಕಂಬಕ್ಕೆ ಬಂದಾಗ ಸೋಲ್‌ನ ಸ್ಥಾನ ಮುಖ್ಯವಾಗುತ್ತದೆ. ಕೊರಿಯಾದ ಗಡಿಯಾರ ಪೂರ್ವ ರೇಖಾಂಶ 135ಕ್ಕೆ ಹೊಂದಿಕೊಂಡಿದೆ, ಸೋಲ್ ಇರುವುದು 127ರಲ್ಲಿ. ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 32 ನಿಮಿಷ ಹಿಂದೆ. ಹಾಗಾಗಿ ಜಾ ಹೊತ್ತನ್ನು 23.30ರಿಂದ 1.30ರವರೆಗೆ ಹಿಡಿದು, ಮುಂದೆ ಎರಡೆರಡು ಗಂಟೆಗೆ ಒಂದೊಂದು ಕೊಂಬೆ ಎಣಿಸುವುದು ರೂಢಿ. ಕಾಂಡ ದಿನದ ಕಾಂಡದಿಂದ ಬರುತ್ತದೆ, ಮು ಅಥವಾ ಗ್ಯೆ ದಿನದ ಜಾ ಹೊತ್ತು ಇಮ್‌ಜಾ.

ಮೊದಲು ಹೇಳಿದ ಎರಡು ಮಕ್ಕಳ ಎಂಟು ಅಕ್ಷರಗಳನ್ನು ಈಗ ಬರೆಯೋಣ. 5.10ರ ಮಗುವಿಗೆ ಗ್ಯೆಮ್ಯೊ ವರ್ಷ, ಉಲ್‌ಚುಕ್ ತಿಂಗಳು, ಮುಸುಲ್ ದಿನ, ಗ್ಯೊಂಗ್‌ಸಿನ್ ಹೊತ್ತು. 5.50ರ ಮಗುವಿಗೆ ಗಾಪ್‌ಜಿನ್ ವರ್ಷ, ಬ್ಯೊಂಗ್‌ಇನ್ ತಿಂಗಳು, ಮುಸುಲ್ ದಿನ, ಸಿನ್‌ಯು ಹೊತ್ತು. ನಲವತ್ತು ನಿಮಿಷದಲ್ಲಿ ನಾಲ್ಕರಲ್ಲಿ ಮೂರು ಕಂಬ ಬದಲಾದವು. ದೇಉನ್ ಎನ್ನುವ ಹತ್ತು ಹತ್ತು ವರ್ಷದ ದೆಸೆ ಕೂಡ ತಿರುಗಿ ನಿಲ್ಲುತ್ತದೆ. ಗಾಪ್, ಬ್ಯೊಂಗ್, ಮು, ಗ್ಯೊಂಗ್, ಇಮ್ ವರ್ಷಗಳು ಯಾಂಗ್, ಉಳಿದವು ಯಿನ್. ಯಾಂಗ್ ವರ್ಷದ ಗಂಡಿಗೂ ಯಿನ್ ವರ್ಷದ ಹೆಣ್ಣಿಗೂ ದೆಸೆ ಮುಂದಕ್ಕೆ, ಉಳಿದ ಇಬ್ಬರಿಗೆ ಹಿಂದಕ್ಕೆ. ಇಬ್ಬರೂ ಗಂಡು ಮಕ್ಕಳಾದರೆ 5.10ರವನ ದೆಸೆ ಗಾಪ್‌ಜಾ, ಗ್ಯೆಹೇ ಎಂದು ಹಿಂದಕ್ಕೆ ನಡೆಯುತ್ತದೆ, 5.50ರವನದು ಜೊಂಗ್‌ಮ್ಯೊ, ಮುಜಿನ್ ಎಂದು ಮುಂದಕ್ಕೆ. ದೆಸೆ ಶುರುವಾಗುವ ವಯಸ್ಸಿಗೆ ಆ ದಿಕ್ಕಿನಲ್ಲಿ ಸಿಗುವ ಮೊದಲ ಜೊಲ್‌ವರೆಗಿನ ದಿನಗಳನ್ನು 3ರಿಂದ ಭಾಗಿಸುತ್ತಾರೆ. ಒಬ್ಬನಿಗೆ ಸೊಹಾನ್‌ವರೆಗೆ, ಇನ್ನೊಬ್ಬನಿಗೆ ಗ್ಯೊಂಗ್ಚಿಪ್‌ವರೆಗೆ ಎಣಿಸಿದರೂ ಸುಮಾರು 30 ದಿನವೇ ಆದ್ದರಿಂದ ಇಬ್ಬರಿಗೂ ಹತ್ತನೆಯ ವರ್ಷಕ್ಕೆ ಶುರು. ವಯಸ್ಸು ಒಂದೇ, ದಾರಿ ಎದುರುಬದುರು. ಗಡಿಯಲ್ಲಿ ಹುಟ್ಟಿದವರ ಜಾತಕಕ್ಕೆ ನಿಮಿಷದ ಲೆಕ್ಕ ಏಕೆ ಬೇಕೆಂದು ತಿಳಿಯಲು ಇಷ್ಟು ಸಾಕು.

ಅತಿ ಹೆಚ್ಚು ಆಗುವ ತಪ್ಪು ಎರಡು ಗಡಿಯಾರಗಳನ್ನು ಬೆರೆಸುವುದು. 32 ನಿಮಿಷದ ತಿದ್ದುಪಡಿ ಹೊತ್ತಿನ ಕಂಬಕ್ಕೆ ಸೇರಿದ್ದು. ಪಟ್ಟಿಯಲ್ಲಿರುವ ಇಪ್ಚುನ್ ಸಮಯ ಕೊರಿಯಾದ ಗಡಿಯಾರದ್ದು. ಹುಟ್ಟಿದ ಸಮಯದಿಂದ 32 ನಿಮಿಷ ಕಳೆದು ಆಮೇಲೆ ಇಪ್ಚುನ್ ಜೊತೆ ಹೋಲಿಸಿದರೆ, 5.50ರ ಮಗು 5.18ಕ್ಕೆ ಇಳಿದು ಮೊಲವಾಗಿಬಿಡುತ್ತದೆ. ವರ್ಷ, ತಿಂಗಳ ಗಡಿಗೆ ಗಡಿಯಾರದ ಸಮಯ. ಹೊತ್ತಿಗೆ ಮಾತ್ರ ತಿದ್ದಿದ ಸಮಯ.

ವಿದೇಶದಲ್ಲಿ ಹುಟ್ಟಿದವರಿಗೂ ಇದೇ ತತ್ವ. ಇಪ್ಚುನ್ ಇಡೀ ಭೂಮಿಗೆ ಒಂದೇ ಕ್ಷಣ, ಊರೂರಿನ ಗಡಿಯಾರ ಮಾತ್ರ ಬೇರೆ. 2024ರ ಇಪ್ಚುನ್ ಲಾಸ್ ಏಂಜಲೀಸ್‌ನಲ್ಲಿ ಫೆಬ್ರವರಿ 4ರ ನಸುಕಿನ 0.27. ಅಲ್ಲಿ ಫೆಬ್ರವರಿ 4ರ ಬೆಳಿಗ್ಗೆ 9ಕ್ಕೆ ಹುಟ್ಟಿದ ಮಗುವನ್ನು "17.27 ಇನ್ನೂ ಆಗಿಲ್ಲ" ಎಂದು ಹಿಂದಿನ ವರ್ಷಕ್ಕೆ ತಳ್ಳಬಾರದು. ದಿನ ಮತ್ತು ಹೊತ್ತಿನ ಕಂಬಕ್ಕೆ ಹುಟ್ಟಿದ ಊರಿನ ಸಮಯವೇ ಇರಲಿ.

ಹಳೆಯ ಜಾತಕಗಳಲ್ಲಿ ಕೊರಿಯಾದ ಗಡಿಯಾರವೇ ಬದಲಾಗಿದೆ. 1954ರ ಮಾರ್ಚ್ 21ರಿಂದ 1961ರ ಆಗಸ್ಟ್ 9ರವರೆಗೆ ಅದು ಇಂದಿಗಿಂತ ಅರ್ಧ ಗಂಟೆ ಹಿಂದಿತ್ತು (1955ರಿಂದ 1960ರವರೆಗಿನ ಬೇಸಿಗೆಗಳಲ್ಲಿ ಮಾತ್ರ ಅದನ್ನು ಒಂದು ಗಂಟೆ ಮುಂದಿಟ್ಟಿದ್ದರು, ಆಗ ಹುಟ್ಟಿದವರಿಗೆ ಮೊದಲು ಆ ಒಂದು ಗಂಟೆ ಕಳೆಯಬೇಕು). ಆ ಅವಧಿಯಲ್ಲಿ ಹುಟ್ಟಿದವರ ಸಮಯಕ್ಕೆ 30 ನಿಮಿಷ ಕೂಡಿಸಿ ಇಂದಿನ ಪಟ್ಟಿಯ ಜೊತೆ ಹೋಲಿಸಿ. ಹೊತ್ತಿನ ಕಂಬಕ್ಕೆ ಆ ಕಾಲದ ಗಡಿಯಾರವನ್ನೇ ಇಟ್ಟುಕೊಂಡು ಜಾ ಹೊತ್ತನ್ನು 23.00ರಿಂದ ಎಣಿಸಿದರೆ ಸೋಲ್‌ಗೆ ಸರಿಹೋಗುತ್ತದೆ. ಆ್ಯಪ್ ಈ ತಿದ್ದುಪಡಿಯನ್ನು ತಾನೇ ಮಾಡಿದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಕೂಡಿಸಿದಂತಾಗುತ್ತದೆ. 1987 ಮತ್ತು 1988ರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು, 1988ರಲ್ಲಿ ಮೇ 8ರಿಂದ ಅಕ್ಟೋಬರ್ 9ರವರೆಗೆ. ಇಪ್ಚುನ್ ಫೆಬ್ರವರಿಯದಾದ್ದರಿಂದ ಅದಕ್ಕೆ ಇದು ತಾಗದು. ಮಾಂಗ್‌ಜೊಂಗ್, ಸೊಸೊ, ಇಪ್ಚು, ಬೇಂಗ್ನೊ, ಹಾಲ್ಲೊ ಗಡಿಗಳಿಗೂ ಹೊತ್ತಿನ ಕಂಬಕ್ಕೂ ತಾಗುತ್ತದೆ, ಮೊದಲು ಒಂದು ಗಂಟೆ ಕಳೆಯಬೇಕು.

ಉತ್ತರಾಯಣ ಶುರುವಾಗುವ ದೊಂಗ್ಜಿಯಿಂದಲೇ (270 ಡಿಗ್ರಿ) ವರ್ಷ ಎಣಿಸಬೇಕೆನ್ನುವ ಒಂದು ಪಂಗಡವೂ ಕೊರಿಯಾದಲ್ಲಿದೆ. ಹಗಲು ಬೆಳೆಯಲು ತೊಡಗುವುದು ಅಲ್ಲಿಂದ ಎನ್ನುವ ಅವರ ವಾದದಲ್ಲಿ ತೂಕವಿದೆ. ಆದರೆ ತಿಂಗಳ ಕಾಂಡದ ಸೂತ್ರ ಇನ್ ತಿಂಗಳಿಂದಲೇ ಕಟ್ಟಿರುವುದರಿಂದ ವರ್ಷವನ್ನೂ ಅಲ್ಲೇ ತೆರೆಯುವುದು ಹೆಚ್ಚು ಸುಸಂಗತ. ಬಹುಪಾಲು ಮಾನ್ಸೆರ್ಯೊಕ್‌ಗಳು ಹಾಗೆಯೇ ಮಾಡುತ್ತವೆ.

ಹುಟ್ಟಿದ ಸಮಯಕ್ಕೂ ಇಪ್ಚುನ್‌ಗೂ ಹತ್ತು ಹದಿನೈದು ನಿಮಿಷದ ಅಂತರವಷ್ಟೇ ಇದ್ದರೆ ಒಂದೇ ಜಾತಕ ಹಾಕಿ ಕೈತೊಳೆದುಕೊಳ್ಳಬೇಡಿ. ಹೆರಿಗೆಯ ಸಮಯವನ್ನು ಐದು ಹತ್ತು ನಿಮಿಷಕ್ಕೆ ಹೊಂದಿಸಿ ಬರೆಯುವುದು ಸಾಮಾನ್ಯ. ಎರಡೂ ಜಾತಕ ಬರೆದು, ಇಬ್ಬಗೆಯ ದೆಸೆಗಳನ್ನೂ ಪಕ್ಕದಲ್ಲಿಟ್ಟು, ಆ ವ್ಯಕ್ತಿಯ ಬದುಕಿನಲ್ಲಿ ನಡೆದ ದೊಡ್ಡ ತಿರುವುಗಳ ವರ್ಷಗಳೊಂದಿಗೆ ತಾಳೆ ನೋಡಿ. ಹಾಳೆಯ ಮೇಲೆ ಇಪ್ಚುನ್ ಕ್ಷಣ, ಹುಟ್ಟಿದ ಸಮಯ, ಯಾವ ಗಡಿಯಾರ, ಏನು ತಿದ್ದಿದ್ದೀರಿ ಎಂಬ ನಾಲ್ಕನ್ನೂ ಬರೆದಿಟ್ಟರೆ ಮುಂದೆ ಅದನ್ನು ನೋಡುವ ಯಾರಿಗಾದರೂ ಲೆಕ್ಕ ಪರೀಕ್ಷಿಸಲು ಬರುತ್ತದೆ.