ತರಗತಿಯೊಳಗೆ ಬಂಗುಡೆ ಏಲಂ

ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆಯ ಗೆರೆ ಎಳೆದು ಎಳೆದು ನನಗೇ ಸಾಕಾಗಿತ್ತು. ಗೆರೆಗಳು ಸೇರುವಲ್ಲಿ ಬೆಲೆ ಅಂತ ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಜನ ಆ ಬೆಲೆಗೆ ಬಂದು ಮುಟ್ಟುವುದು ಹೇಗೆ? ಅದನ್ನು ಕಣ್ಣಾರೆ ನೋಡಬೇಕು, ಅಲ್ವಾ? ಉಡುಪಿಯ ನಮ್ಮ ಡಿಗ್ರಿ ಕ್ಲಾಸಿನಲ್ಲಿ 16 ಮಂದಿಗೆ ಚೀಟಿ ಹಂಚಿದೆ. ಸರಕು ಬಂಗುಡೆ, ಒಬ್ಬರಿಗೆ ಒಂದೇ ಕಿಲೋ.

ಮಾರುವ ಎಂಟು ಮಂದಿಯ ಚೀಟಿಯಲ್ಲಿ ಅಸಲು: 60 ರೂಪಾಯಿಯಿಂದ 15ರಂತೆ ಏರಿ 165. ಕೊಳ್ಳುವ ಎಂಟು ಮಂದಿಗೆ ಹೆಚ್ಚೆಂದರೆ ಎಷ್ಟು ಕೊಡಬಹುದು ಅಂತ: 200ರಿಂದ ಹಾಗೇ ಇಳಿದು 95. ಕಡಿಮೆ ಅಸಲಿನವರನ್ನು ಹೆಚ್ಚು ಕೊಡುವವರ ಜೊತೆ ಸಾಲಾಗಿ ಜೋಡಿಸಿದರೆ ಐದು ಜೋಡಿಗೆ ವ್ಯಾಪಾರ ಕುದುರುತ್ತದೆ; ಆರನೇ ಜೋಡಿಯಲ್ಲಿ ಅಸಲು 135, ಕೊಡಬಲ್ಲದ್ದು 125. ಹಾಗಾಗಿ ಲೆಕ್ಕದ ಪ್ರಕಾರ 5 ಕಿಲೋ ಹೋಗಬೇಕು, ಬೆಲೆ 125–135ರೊಳಗೆ ನಿಲ್ಲಬೇಕು. ಇದು ನನಗೆ ಮಾತ್ರ ಗೊತ್ತು.

ಮೊದಲ ದಿನ ಕೆಟ್ಟಿತು. ಸುಮ್ನೆ ಓಡಾಡಿ ಚೌಕಾಸಿ ಮಾಡಿ ಅಂದಿದ್ದೆ. ಒಬ್ಬಳು ಗೆಳತಿಗೆ ಅಸಲಿಗೇ, 75ಕ್ಕೆ ಕೊಟ್ಟಳು. ಆಚೆ ಮೂಲೆಯಲ್ಲಿ 170! ಒಟ್ಟು 7 ಕಿಲೋ ಹೋಯಿತು. 1948ರಲ್ಲಿ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತಮ್ಮ ತರಗತಿಯ ಪ್ರಯೋಗದ ಬಗ್ಗೆ ಬರೆದದ್ದೂ ಇದೇ: ಲೆಕ್ಕಕ್ಕಿಂತ ಜಾಸ್ತಿ ಮಾರಾಟ. ಅವರ ಶಿಷ್ಯ ವರ್ನನ್ ಸ್ಮಿತ್ 1956ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಿಯಮ ಬದಲಿಸಿದರು. ಕೂಗುವ ಬೆಲೆ ಎಲ್ಲರಿಗೂ ಕೇಳಬೇಕು, ಅದೇ ಚೀಟಿ ಹಿಡಿದು ಮತ್ತೆ ಮತ್ತೆ ಆಡಬೇಕು. ಈ ದಾರಿಯ ಕೆಲಸಕ್ಕೇ ಅವರಿಗೆ 2002ರಲ್ಲಿ ನೊಬೆಲ್ ಬಂತು.

ನಾನೂ ಹಾಗೇ ಮಾಡಿದೆ. ಜೊತೆಗೆ 50 ರೂಪಾಯಿ ಲಾಭಕ್ಕೆ ಕ್ಯಾಂಟೀನಿನಲ್ಲಿ ಒಂದು ಬನ್ಸ್. ಇದನ್ನು ಬಿಡಲೇಬಾರದು. ಕೈಗೆ ಏನೂ ಸಿಗದಿದ್ದರೆ ಮಕ್ಕಳು ವ್ಯಾಪಾರ ಮಾಡುವುದಿಲ್ಲ, ವ್ಯಾಪಾರದ ನಾಟಕ ಆಡುತ್ತಾರೆ. ನಾಲ್ಕನೇ ಸುತ್ತಿಗೆ 5 ಕಿಲೋ, ಎಲ್ಲವೂ 130ರ ಆಸುಪಾಸು. ಬೇರೆಯವರ ಚೀಟಿ ಯಾರೂ ನೋಡಿರಲಿಲ್ಲ. ನನಗೆ ಮೈ ಜುಂ ಎಂದಿತು.

ಆಗ ಮಲ್ಪೆಯಿಂದ ಬರುವ ಹುಡುಗಿ ಎದ್ದಳು. ಅವಳ ಅಮ್ಮ ಮೀನು ಮಾರುವವರು. "ಮೇಡಂ, ಇಲ್ಲಿ ಮಾರದಿದ್ದರೆ ಅಸಲು ಉಳಿಯುತ್ತದೆ. ಬಂದರಿನಲ್ಲಿ ಹಾಗಲ್ಲ. ಬೋಟ್ ಬರುವಾಗಲೇ ಡೀಸೆಲ್ ಸುಟ್ಟಾಗಿರುತ್ತದೆ."

ಹೌದಲ್ಲ! ಮುಂದಿನ ವಾರ ಅಸಲನ್ನು ಮೊದಲೇ ಕಟ್ಟಿಸಿಕೊಂಡೆ. ಎಂಟೂ ಮಂದಿ ಮೀನು ತಂದರು. ಬೆಲೆ 90ಕ್ಕಿಂತ ಕೆಳಗೆ ಜಾರಿತು. ಮೂರನೇ ಸುತ್ತಿನಲ್ಲಿ 135, 150, 165ರ ಚೀಟಿಯವರು ಬೋಟ್ ಇಳಿಸಲೇ ಇಲ್ಲ.