ಅಣ್ಣನ ಜೊತೆ ನೆಕ್ಕರ್ ದಂಡೆಯಲ್ಲಿ ಒಂಬತ್ತು ದಿನ

ಜರ್ಮನಿಯ ಮ್ಯಾನ್‌ಹೈಮ್‌ನ ನನ್ನ ಮನೆಯಿಂದ ನೆಕ್ಕರ್ ನದಿಯ ದಂಡೆಗೆ ಹತ್ತು ನಿಮಿಷದ ನಡಿಗೆ. ಎಂಟು ವರ್ಷ ಆ ದಂಡೆಯ ಮೇಲೆ ಓಡಾಡಿದ್ದರೂ ಈ ನೀರು ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. 2023ರ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದ ಅಣ್ಣ ಮೊದಲ ಸಂಜೆಯೇ ಅದನ್ನು ಕೇಳಿದ. ಅಣ್ಣನಿಗೆ ಆಗ ಅರವತ್ತೊಂದು. ಕನ್ನಡ ಮೇಷ್ಟರಾಗಿ ನಿವೃತ್ತನಾದವನು, ಕೆಲಸದ ವರ್ಷಗಳಲ್ಲಿ ಬಹುಪಾಲು ಅಟ್ಲಾಸ್ ಸೈಕಲ್ಲಿನಲ್ಲಿಯೇ ಶಾಲೆಗೆ ಹೋಗಿಬಂದವನು. ನದಿಯ ಮೂಲದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ನೀರಿನ ಜೊತೆಗೇ ಸೈಕಲ್ ತುಳಿಯುತ್ತಾ ಮನೆಗೆ ಬರಬಹುದಲ್ಲ ಎಂದು ನಾನು ಮಾತಿಗೆ ಹೇಳಿದ್ದನ್ನು ಅವನು ಬೆಳಗಾಗುವಷ್ಟರಲ್ಲಿ ತೀರ್ಮಾನವೆಂದೇ ಹಿಡಿದುಕೊಂಡಿದ್ದ.

ನೆಕ್ಕರ್ ಸೈಕಲ್ ದಾರಿಯ ಉದ್ದ ಸುಮಾರು 370 ಕಿ.ಮೀ. ಅದು ಆರಂಭವಾಗುವ ಶ್ವೆನ್ನಿಂಗನ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಮುಗಿಯುವ ಮ್ಯಾನ್‌ಹೈಮ್ ನೂರು ಮೀಟರಿಗಿಂತ ಕೆಳಗೆ. ನಾವಿಬ್ಬರೂ ಕ್ರೀಡಾಪಟುಗಳಲ್ಲ. ಹಾಗಿದ್ದೂ ನಾನು ಧೈರ್ಯ ಮಾಡಿದ್ದು ಈ ಕಣಿವೆಯಲ್ಲಿ ನದಿಯ ಪಕ್ಕದಲ್ಲೇ, ಮೇಲಿನಿಂದ ಕೆಳಗಿನವರೆಗೆ, ಬಹುಮಟ್ಟಿಗೆ ರೈಲು ಹಳಿಯೂ ಸಾಗುತ್ತದೆ ಎಂಬ ಒಂದೇ ಕಾರಣಕ್ಕೆ. ಕಾಲು ಸೋತರೆ, ಮಳೆ ಹಿಡಿದರೆ, ಕೋಣೆ ಸಿಗದಿದ್ದರೆ ಏಳೆಂಟು ಕಿ.ಮೀ. ಒಳಗೆ ಒಂದು ನಿಲ್ದಾಣವಿರುತ್ತದೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ವಾರದ ದಿನಗಳಂದು ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ದಟ್ಟಣೆಯ ಹೊತ್ತನ್ನು ಬಿಟ್ಟರೆ ಸೈಕಲ್ಲಿಗೆ ಟಿಕೆಟ್ಟು ಬೇಕಿಲ್ಲ. ದೇಶದ ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಬಹುದಾದ 49 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಹಿಂದಿನ ತಿಂಗಳಷ್ಟೇ ಜಾರಿಗೆ ಬಂದಿತ್ತು. ಅಣ್ಣನಿಗೂ ಒಂದು ಕೊಂಡೆ. ಅದು ತಿಂಗಳ ಚಂದಾ ಆದ್ದರಿಂದ ಹತ್ತನೆಯ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ನಾವು ಆ ದಿನ ದಾರಿಯಲ್ಲಿರುತ್ತೇವೆಂದು ಹೊರಡುವ ಮುನ್ನವೇ ಆ ಕೆಲಸ ಮುಗಿಸಿದೆ.

ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಅಣ್ಣನಿಗೆ ಒಂದು ಟ್ರೆಕ್ಕಿಂಗ್ ಸೈಕಲ್ ಬಾಡಿಗೆಗೆ ತಂದು, ಸೀಟನ್ನು ಅವನ ಅಳತೆಗೆ ಎತ್ತರಿಸಿ, ಎರಡು ಭಾನುವಾರ ಲಾಡೆನ್‌ಬುರ್ಗ್‌ವರೆಗೆ ಹೋಗಿಬಂದು ಅಭ್ಯಾಸ ಮಾಡಿದೆವು. ಬ್ಯಾಟರಿಯ ಸೈಕಲ್ ಬೇಡವೇ ಬೇಡ ಎಂದ. ತಲಾ ಎರಡು ನೀರು ಹೋಗದ ಚೀಲ, ಒಟ್ಟು ಏಳು ಕಿಲೋ ಮೀರದ ಸಾಮಾನು, ಎರಡು ಟ್ಯೂಬು, ಪಂಪು, ಬೋಲ್ಟು ಬಿಗಿಯುವ ಆಲನ್ ಕೀಲಿಗಳ ಗೊಂಚಲು, ಇವುಗಳ ಜೊತೆಗೆ ಅತ್ತಿಗೆ ಕಳಿಸಿದ್ದ ಗೊಜ್ಜವಲಕ್ಕಿಯ ಪುಡಿ. ಕೊನೆಯದಕ್ಕೆ ಜಾಗ ದಂಡವೆಂದು ನಾನು ವಾದಿಸಿದ್ದೆ, ನನ್ನ ವಾದ ತಪ್ಪಾಗಿತ್ತು.

ಜೂನ್ 5ರಂದು ಕಾರ್ಲ್ಸ್‌ರೂಹೆ, ಓಫೆನ್‌ಬುರ್ಗ್ ಮಾರ್ಗವಾಗಿ ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ಸುರಂಗಗಳನ್ನು ದಾಟಿ ಶ್ವೆನ್ನಿಂಗನ್ ಸೇರಿದೆವು. ನೆಕ್ಕರ್ ಹುಟ್ಟುವುದು ಅಲ್ಲಿನ ಒಂದು ಜೌಗಿನಲ್ಲಿ. ಆ ಜೌಗಿನ ಒಂದು ಬದಿಯ ನೀರು ನೆಕ್ಕರ್ ಆಗಿ ರೈನ್ ಸೇರಿದರೆ ಇನ್ನೊಂದು ಬದಿಯದು ಡಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ ಎಂದಾಗ, ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಪೂರ್ವಕ್ಕೂ ಪಶ್ಚಿಮಕ್ಕೂ ಹಂಚಿಹೋಗುವುದನ್ನು ಕಂಡು ಬೆಳೆದ ಅಣ್ಣನಿಗೆ ವಿಶೇಷವೇನೂ ಅನಿಸಲಿಲ್ಲ. ಅವನನ್ನು ತಡೆದು ನಿಲ್ಲಿಸಿದ್ದು ಊರಿನ ಉದ್ಯಾನದ ಹೆಸರು: ಮ್ಯೋಗ್ಲಿಂಗ್ಸ್‌ಹೋಹೆ. ‘ನಮ್ಮ ಮೋಗ್ಲಿಂಗನೇ?’ ಎಂದು ಕೇಳಿದ. ‘ಮಂಗಳೂರು ಸಮಾಚಾರ’ ಪತ್ರಿಕೆಯ ನಮ್ಮ ಮೋಗ್ಲಿಂಗ್ ಕಣ್ಣು ಮುಚ್ಚಿದ ಊರು ಇನ್ನೂ ನಾಲ್ಕೈದು ದಿನದ ದಾರಿಯಲ್ಲಿದೆ ಎಂದು ಸಮಾಧಾನ ಹೇಳಿ ಮುಂದೆ ಹೊರಡಿಸಿದೆ.

ನದಿಯ ಜೊತೆ ಹೋದರೆ ಎಲ್ಲವೂ ಇಳಿಜಾರು ಎಂಬುದು ನಕ್ಷೆ ನೋಡುವವರ ಭ್ರಮೆ. ಮೇಲಿನ ಕಣಿವೆ ಇಕ್ಕಟ್ಟಾಗಿದ್ದು ಅಲ್ಲಿ ನದಿಗೂ ರೈಲಿಗೂ ಮಾತ್ರ ಜಾಗವಿರುವ ಕಡೆ ಸೈಕಲ್ ದಾರಿಯನ್ನು ಗುಡ್ಡದ ಮೇಲಕ್ಕೆ ಅಟ್ಟಿಬಿಡುತ್ತಾರೆ. ರೊಟ್ವೈಲ್ ಪಟ್ಟಣವಂತೂ ನದಿಯಿಂದ ಬಹಳ ಎತ್ತರದಲ್ಲಿದೆ. ಲಿಫ್ಟುಗಳನ್ನು ಪರೀಕ್ಷಿಸಲೆಂದು ಅಲ್ಲಿ ಕಟ್ಟಿರುವ 246 ಮೀಟರಿನ ಗೋಪುರ ಬಹಳ ದೂರದಿಂದಲೇ ಕಾಣುತ್ತಿದ್ದು, ಎಷ್ಟು ತುಳಿದರೂ ಹತ್ತಿರ ಬರುತ್ತಿರಲಿಲ್ಲ. ಏರು ಬಂದಲ್ಲೆಲ್ಲ ಅಣ್ಣ ಸಂಕೋಚವಿಲ್ಲದೆ ಇಳಿದು ಸೈಕಲ್ ತಳ್ಳಿದ. ಸವಾರಿಯ ಮೊದಲ ದಿನ, ಜೂನ್ 6ರಂದು, ಓಬರ್ನ್‌ಡೋರ್ಫ್ ತಲುಪಿದಾಗ 50 ಕಿ.ಮೀ. ಆಗಿತ್ತು, ನನ್ನ ಮಂಡಿಗಳು ಅವನವಕ್ಕಿಂತ ಹೆಚ್ಚು ನೋಯುತ್ತಿದ್ದವು.

ಎರಡನೆಯ ದಿನ ಸುಲ್ಟ್ಸ್ ದಾಟಿದ ಮೇಲೆ ಜಲ್ಲಿ ಹಾದಿಯಲ್ಲಿ ಅವನ ಸೈಕಲ್ಲಿನ ಹಿಂಬದಿಯಿಂದ ಕಟಕಟ ಸದ್ದು ಬರತೊಡಗಿತು. ನಾನು ಕೇಳಿಯೂ ಕೇಳದಂತಿದ್ದೆ. ಎರಡು ಕಿ.ಮೀ. ಕಳೆಯುವಷ್ಟರಲ್ಲಿ ಕ್ಯಾರಿಯರ್ ಒಂದು ಬದಿಗೆ ಕುಸಿದು ಚೀಲ ಚಕ್ರಕ್ಕೆ ಉಜ್ಜತೊಡಗಿತು. ನೋಡಿದರೆ ಕ್ಯಾರಿಯರಿನ ಕಾಲನ್ನು ಚೌಕಟ್ಟಿಗೆ ಹಿಡಿದಿಟ್ಟಿದ್ದ ಬೋಲ್ಟು ಸಡಿಲಾಗಿ ಎಲ್ಲೋ ಬಿದ್ದುಹೋಗಿದೆ. ಹೊರಡುವ ಮುನ್ನ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಬಿಗಿಗೊಳಿಸಬೇಕಿತ್ತು. ಆ ತಪ್ಪು ನನ್ನದೇ. ಹುಲ್ಲಿನ ಮೇಲೆ ಸೈಕಲ್ ಮಲಗಿಸಿ ನಾನು ಮೊಬೈಲಿನಲ್ಲಿ ಅಂಗಡಿ ಹುಡುಕುತ್ತಿದ್ದಾಗ ಅಣ್ಣ ನೀರಿನ ಬಾಟಲಿಯ ಹಿಡಿಕೆಯ ಬೋಲ್ಟನ್ನು ಬೆರಳಿನಿಂದ ಮುಟ್ಟಿ, ‘ಇದೂ ಅದೇ ಅಳತೆ ಇದ್ದ ಹಾಗಿದೆ’ ಎಂದ. ಹೌದು, ಎರಡೂ 5 ಮಿಲಿಮೀಟರಿನವೇ. ಬಹುತೇಕ ಎಲ್ಲ ಸೈಕಲ್ಲುಗಳಲ್ಲೂ ಹಾಗೆಯೇ. ಹಿಡಿಕೆಯನ್ನು ಬಿಚ್ಚಿ, ಅದರ ಎರಡು ಬೋಲ್ಟುಗಳಲ್ಲಿ ಒಂದನ್ನು ಕ್ಯಾರಿಯರಿಗೆ ಹಾಕಿ, ಇನ್ನೊಂದನ್ನು ಜೇಬಿಗೆ ಸೇರಿಸಿ, ಬಾಟಲಿಯನ್ನು ಚೀಲಕ್ಕೆ ಸಿಕ್ಕಿಸಿಕೊಂಡು ಹೊರಟೆವು. ಮ್ಯಾನ್‌ಹೈಮ್‌ವರೆಗೂ ಅದು ಅಲುಗಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ಕೀಲಿ ಹಿಡಿದು ಎರಡೂ ಸೈಕಲ್ಲುಗಳನ್ನು ಒಂದು ಸುತ್ತು ನೋಡುವುದು ನನ್ನ ಪಾಲಿನ ಸಂಧ್ಯಾವಂದನೆಯಾಯಿತು.

ಮೂರನೆಯ ದಿನ, ಜೂನ್ 8, ಗುರುವಾರ. ಅಂದು ಫ್ರೋನ್‌ಲೈಖ್ನಾಮ್ ಎಂಬ ಕ್ಯಾಥಲಿಕ್ ಹಬ್ಬದ ಸರ್ಕಾರಿ ರಜೆ ಎಂಬುದನ್ನು ನಾನು ಪೂರಾ ಮರೆತಿದ್ದೆ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹೋರ್ಬ್ ಬಿಟ್ಟ ಮೇಲೆ ಒಂದು ಹಳ್ಳಿಯಲ್ಲಿ ರಸ್ತೆಯ ನಡುವೆ ಹೂವಿನ ದಳ, ಕತ್ತರಿಸಿದ ಹುಲ್ಲು ಮತ್ತು ಮರದ ಹೊಟ್ಟಿನಿಂದ ಉದ್ದಕ್ಕೆ ರಂಗೋಲಿ ಹಾಕಿದ್ದರು. ಮೆರವಣಿಗೆ ಇನ್ನೂ ಬಂದಿರಲಿಲ್ಲ. ಒಬ್ಬ ಹೆಂಗಸು ಮೊಣಕಾಲೂರಿ ಕುಳಿತು, ಗಾಳಿಗೆ ಹಾರಿದ ಕೆಂಪು ದಳಗಳನ್ನು ಒಂದೊಂದಾಗಿ ಗೆರೆಯೊಳಗೆ ಮರಳಿಸುತ್ತಿದ್ದರು. ನಾವು ಇಳಿದು, ಗೋಡೆಯ ಬದಿಯಲ್ಲಿ ಉಳಿದಿದ್ದ ಒಂದಡಿ ಜಾಗದಲ್ಲಿ ಸೈಕಲ್ಲುಗಳನ್ನು ತಳ್ಳಿಕೊಂಡು ದಾಟಿದೆವು. ಮಧ್ಯಾಹ್ನ ದಂಡೆಯ ಬೆಂಚಿನ ಮೇಲೆ ಗೊಜ್ಜವಲಕ್ಕಿ ನೆನೆಸಿ ತಿಂದೆವು; ಅತ್ತಿಗೆಗೆ ಅಲ್ಲಿಂದಲೇ ಫೋನ್ ಮಾಡಿದೆ.

ತ್ಯೂಬಿಂಗನ್ ಸೇರಿದಾಗ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಉದ್ದನೆಯ ಗಳುವಿನಿಂದ ನಡೆಸುವ ಮರದ ದೋಣಿಗಳ ವಿದ್ಯಾರ್ಥಿ ಸ್ಪರ್ಧೆ ನಡೆಯುವುದು ಇದೇ ಹಬ್ಬದ ಮಧ್ಯಾಹ್ನವಂತೆ. ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು. ಊರಿನಲ್ಲಿ ಒಂದೇ ಒಂದು ಕೋಣೆ ಸಿಗಲಿಲ್ಲ. ರೈಲಿನ ಮೇಲಿಟ್ಟ ಭರವಸೆ ಕೆಲಸಕ್ಕೆ ಬಂದದ್ದು ಇಲ್ಲಿ: ಸೈಕಲ್ ಸಮೇತ ರೈಲು ಹತ್ತಿ, ನಾಳೆ ಮುಟ್ಟಬೇಕಿದ್ದ ನ್ಯುರ್ಟಿಂಗನ್ನಿಗೆ ಇವತ್ತೇ ಹೋಗಿ ಮಲಗಿ, ಮರುದಿನ ಒಂಬತ್ತರ ನಂತರದ ಗಾಡಿಯಲ್ಲಿ ತ್ಯೂಬಿಂಗನ್ನಿಗೆ ಮರಳಿದೆವು. ಸಾಮಾನನ್ನು ನ್ಯುರ್ಟಿಂಗನ್ನಿನಲ್ಲೇ ಬಿಟ್ಟಿದ್ದರಿಂದ ಅಂದಿನ ಸವಾರಿ ಹೂವಿನಷ್ಟು ಹಗುರವಾಗಿತ್ತು. ಆಮೇಲೆ ಇದನ್ನೇ ಉಪಾಯವಾಗಿಯೂ ಬಳಸಿದೆವು: ಒಂದೇ ಊರಿನಲ್ಲಿ ಎರಡು ರಾತ್ರಿ ತಂಗಿ, ಹಗಲಿನ ಒಂದು ತುದಿಗೆ ರೈಲು ಹಿಡಿಯುವುದು.

ತ್ಯೂಬಿಂಗನ್ನಿನಲ್ಲಿ ಅಣ್ಣನಿಗೆ ಬೇಕಾಗಿದ್ದದ್ದು ಕಿಟ್ಟೆಲ್. 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇಲ್ಲಿನ ವಿಶ್ವವಿದ್ಯಾಲಯ, ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಹಳೆಯ ಬೀದಿಗಳ ಚಪ್ಪಡಿಗಲ್ಲುಗಳ ಮೇಲೆ ಸೈಕಲ್ ತಳ್ಳುತ್ತಾ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಎಸ್ಲಿಂಗನ್ ಬಂತು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿ.

ಪ್ಲೋಖಿಂಗನ್‌ನಲ್ಲಿ ನದಿ ಥಟ್ಟನೆ ವಾಯವ್ಯಕ್ಕೆ ತಿರುಗುತ್ತದೆ. ಅಲ್ಲಿಂದ ಮ್ಯಾನ್‌ಹೈಮ್‌ವರೆಗಿನ ಸುಮಾರು 200 ಕಿ.ಮೀ. ಉದ್ದಕ್ಕೂ ಸರಕು ಹಡಗುಗಳು ಓಡಾಡಲೆಂದು 27 ಕಡೆ ಅಣೆಕಟ್ಟು ಮತ್ತು ಹಡಗನ್ನು ಏರಿಸಿ ಇಳಿಸುವ ಲಾಕ್‌ಗಳನ್ನು ಕಟ್ಟಿದ್ದಾರೆ. ಅಲ್ಲಿಂದ ಸ್ಟುಟ್‌ಗಾರ್ಟ್ ದಾಟುವವರೆಗೆ ಒಂದು ಕಡೆ ಹೆದ್ದಾರಿಯ ಗದ್ದಲ, ಇನ್ನೊಂದು ಕಡೆ ಕಾರ್ಖಾನೆಯ ಬೇಲಿ. ಇಡೀ ನದಿಯನ್ನು ತುಳಿಯುವ ಹಟವಿಲ್ಲದವರು ಎಸ್ಲಿಂಗನ್ ನೋಡಿದ ಮೇಲೆ ಈ ತುಂಡಿಗೆ ರೈಲು ಹತ್ತುವುದು ಲೇಸು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಶ್ವಾಬಿಯಾ ಎಂಬ ಈ ಸೀಮೆಯ ಆಲೂಗಡ್ಡೆ ಸಲಾಡನ್ನು ಸಾಮಾನ್ಯವಾಗಿ ದನದ ಮಾಂಸದ ಸಾರು ಹಾಕಿ ಕಲಸುತ್ತಾರೆ, ಕೇಳದೆ ತಿನ್ನಬಾರದು. ಚೀಸ್ ಹಾಕಿದ ಷ್ಪೆಟ್ಸ್ಲೆ ಎಂಬ ದಪ್ಪ ಶ್ಯಾವಿಗೆಯಂಥ ತಿನಿಸು ಎಲ್ಲ ಕಡೆ ಸಿಗುತ್ತದೆ, ಆದರೆ ಅದನ್ನು ನಾಲ್ಕು ರಾತ್ರಿ ಸತತವಾಗಿ ತಿಂದವನ ಮುಖವನ್ನು ನಾನು ನೋಡಿದ್ದೇನೆ.

ಮಾರ್‌ಬಾಖ್ ದಾಟಿದ ಮೇಲೆ ಬೆಸಿಗ್‌ಹೈಮ್‌ವರೆಗಿನ ದಾರಿ ಈ ಪ್ರವಾಸದ ಅತ್ಯಂತ ಸುಂದರ ಭಾಗವೆಂದು ನನ್ನ ಅಭಿಪ್ರಾಯ. ನದಿ ಬಳುಕುವಲ್ಲೆಲ್ಲ ಕಡಿದಾದ ದಡದಲ್ಲಿ ಗಾರೆಯಿಲ್ಲದ ಕಲ್ಲುಗೋಡೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿ ದ್ರಾಕ್ಷಿ ಬೆಳೆಸಿದ್ದಾರೆ. ಮಾರನೆಯ ದಿನ ಸಿಕ್ಕ ಲೌಫನ್ ಊರಿನ ನದಿಯ ನೀರಿನಿಂದ ತಯಾರಾದ ವಿದ್ಯುತ್ತನ್ನು 1891ರಲ್ಲಿ ಸುಮಾರು 175 ಕಿ.ಮೀ. ದೂರದ ಫ್ರಾಂಕ್‌ಫರ್ಟ್‌ಗೆ ಸಾಗಿಸಿ ತೋರಿಸಿದ್ದರು. ಅದಾದ ಹನ್ನೊಂದೇ ವರ್ಷಕ್ಕೆ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತಲ್ಲ ಎಂದು ಅಣ್ಣ ಬೀಗಿದ.

ಉಳಿದದ್ದು ಸಲೀಸು. ಎಬರ್‌ಬಾಖ್ ಸುತ್ತಲಿನ ಕಾಡಿನ ನೆರಳು, ನೆಕ್ಕರ್‌ಷ್ಟೈನಾಖ್‌ನ ನಾಲ್ಕು ಕೋಟೆಗಳು, ಹೈಡಲ್‌ಬರ್ಗ್‌ನ ಜನಜಂಗುಳಿ, ಆಮೇಲೆ ಬಟಾಬಯಲು ಮತ್ತು ಎದುರು ಗಾಳಿ. ಜೂನ್ 14ರ ಸಂಜೆ ಬಂದರಿನ ಗೋದಾಮುಗಳ ನಡುವೆ ಹಾದು ನೆಕ್ಕರ್ ರೈನನ್ನು ಸೇರುವ ಜಾಗ ತಲುಪಿದೆವು.

ಕಾರ್ಲ್ ಡ್ರೈಸ್ ಎಂಬವನು ಪೆಡಲಿಲ್ಲದ ಮರದ ಎರಡು ಚಕ್ರದ ಗಾಡಿಯನ್ನು ಕಾಲಿನಿಂದ ನೂಕುತ್ತಾ ಮೊದಲ ಬಾರಿಗೆ ಓಡಿಸಿದ್ದು ಇದೇ ಮ್ಯಾನ್‌ಹೈಮ್‌ನಿಂದ, 1817ರ ಜೂನ್ 12ರಂದು. ನಾವು ಎರಡು ದಿನ ತಡವಾಗಿ ಬಂದಿದ್ದೆವು. ಡ್ರೈಸ್ ಅಂದು ಹದಿಮೂರು, ಹದಿನಾಲ್ಕು ಕಿ.ಮೀ. ದೂರವನ್ನು ಒಂದು ಗಂಟೆಯೊಳಗೆ ಹೋಗಿಬಂದನಂತೆ ಎಂದೆ. ಅಣ್ಣ ಹ್ಯಾಂಡಲ್ಲಿನ ಮೇಲಿದ್ದ ಮೀಟರನ್ನು ಬಗ್ಗಿ ನೋಡಿದ. ಒಂಬತ್ತು ದಿನಗಳ ನಮ್ಮ ಸರಾಸರಿ ವೇಗ ಗಂಟೆಗೆ 13 ಕಿ.ಮೀ. ಎಂದು ಅದು ತೋರಿಸುತ್ತಿತ್ತು.