ಕಿಟಕಿ ಗಾಜು ಹಾಕೋದಿದ್ರೆ ಅಳತೇಲಿ ಒಂದು ಸೂತ್ ಬಿಡಿ

ಬೇಸಿಗೆ ರಜೆ ಬಂತು ಅಂದ್ರೆ ಬೀದೀಲಿ ಕ್ರಿಕೆಟ್ಟು, ಕ್ರಿಕೆಟ್ಟು ಅಂದ್ರೆ ಯಾರದ್ದೋ ಮನೆ ಕಿಟಕಿ ಗಾಜು ಹೋಯ್ತು ಅಂತ್ಲೇ ಲೆಕ್ಕ. ಆದ್ರೆ ಒಂದೇ ಒಂದು ಗಾಜು ಹಾಕೋಕೆ ಈಗ ಯಾವ ಕಾರ್ಪೆಂಟರೂ ಬರಲ್ಲ ಕಣ್ರಪ್ಪ, "ನಾಳೆ ಬರ್ತೀನಿ ಸರ್" ಅಂತಾನೆ, ಅವನ ನಾಳೆ ಬರೋ ಹೊತ್ತಿಗೆ ಮುಂಗಾರೇ ಶುರುವಾಗಿರುತ್ತೆ. ಹಳೇ ಮರದ ಕಿಟಕಿ, ಗಾಜಿನ ಸುತ್ತ ಮರದ ಬೀಡಿಂಗ್, ಅಂದ್ರೆ ಗಾಜನ್ನ ಹಿಡಿದಿಡೋ ತೆಳು ಪಟ್ಟಿ, ಹೊಡೆದಿರೋದು, ಅಂಥದ್ದಾದ್ರೆ ನೀವೇ ಮಾಡ್ಕೋಬಹುದು, ನಾನಂತೂ ನಮ್ಮನೇದೆಲ್ಲ ನಾನೇ ಹಾಕೋದು.

ಮೊದ್ಲು ಕಾಲಿಗೆ ಚಪ್ಪಲಿ, ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ, ಮಕ್ಕಳು ಆ ರೂಮಲ್ಲಿ ಇರ್ಲೇಬಾರ್ದು. ಚೌಕಟ್ಟಲ್ಲಿ ನಿಂತಿರೋ ಚೂರನ್ನ ಹಾಗೇ ಎಳೀಬೇಡಿ, ಅದರ ಮೇಲೆ ಬ್ರೌನ್ ಟೇಪ್ ಅಡ್ಡಡ್ಡ ಅಂಟಿಸಿಬಿಡಿ, ಆಮೇಲೆ ಒಡೆದ್ರೂ ಟೇಪಿಗೇ ಅಂಟ್ಕೊಂಡಿರುತ್ತೆ. ನೆಲದ ಮೇಲಿನ ಸಣ್ಣ ಪುಡಿ ಪೊರಕೆಗೆ ಸಿಗಲ್ಲ, ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ನೆಲಕ್ಕೆ ಮಲಗಿಸಿ ಹಿಡಿದ್ರೆ ಮಿಣಿಮಿಣಿ ಅನ್ನುತ್ತೆ, ಅಲ್ಲಿಗೆ ಒಂದು ಉಂಡೆ ಚಪಾತಿ ಹಿಟ್ಟು ಒತ್ತಿದ್ರೆ ಎಲ್ಲಾ ಅಂಟ್ಕೊಂಡು ಬರುತ್ತೆ. ಆ ಉಂಡೇನ ಮಾತ್ರ ಅಡುಗೆಮನೆ ಕಸಕ್ಕೆ ಹಾಕ್ಬೇಡಿ, ಹಸು ತಿಂದ್ಬಿಡುತ್ತೆ. ಗಾಜಿನ ಚೂರುಗಳ ಜೊತೆಗೇ ನಾಲ್ಕೈದು ಪದರ ಪೇಪರಲ್ಲಿ ಸುತ್ತಿ, ರಟ್ಟಿನ ಡಬ್ಬಕ್ಕೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ "ಗಾಜು" ಅಂತ ಬರೆದು ಕಸದ ಗಾಡಿಯೋರಿಗೆ ಬಾಯಲ್ಲೂ ಹೇಳಿ ಕೊಡಿ, ಅವ್ರು ಬರಿಗೈಯಲ್ಲಿ ಬೇರ್ಪಡಿಸ್ತಾರೆ ಪಾಪ.

ನಮ್ಮ ಕಡೆ ಕಿಟಕಿಗಳಲ್ಲಿ ಒಳಗೆ ಸರಳು, ಬಾಗಿಲು ಹೊರಕ್ಕೆ ತೆರೆಯೋದು. ಸರಳಿನ ಸಂದೀಲಿ ಕೈ ತೂರಿಸ್ಕೊಂಡೋ, ಮಹಡಿ ಮನೆಗೆ ಏಣಿ ಹಾಕ್ಕೊಂಡೋ ಸರ್ಕಸ್ ಮಾಡಬೇಡಿ. ಹೊರಗೆ ನೆಲದ ಮೇಲೆ ನಿಂತು ಕೈಗೆ ಸಿಗೋ ಕಿಟಕಿ ಆದ್ರೆ ಇಬ್ಬರು ಸೇರಿ ಹೊರಗಿಂದ ಹಿಂಜ್ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಮನೆಯೊಳಗೆ ತಂದು ಟೇಬಲ್ ಮೇಲೆ ಹಳೇ ಕಂಬಳಿ ಹಾಸಿ ಮಲಗಿಸಿ, ಅರ್ಧ ಕೆಲ್ಸ ಸುಲಭ ಆಯ್ತು.

ಬೀಡಿಂಗ್ ತೆಗೆಯೋದ್ರಲ್ಲೇ ಎಲ್ರೂ ಎಡವೋದು. ಮೂಲೆಯಿಂದ ಮೀಟ್ತಾರೆ, ಪಟ್ಟಿ ತುದಿ ಚಕ್ಕೆ ಎದ್ದು ಬರುತ್ತೆ. ವರ್ಷವರ್ಷ ಬಳಿದ ಬಣ್ಣ ಪಟ್ಟೀನೂ ಮರಾನೂ ಸೇರಿಸಿ ಅಂಟಿಸಿರುತ್ತೆ, ಅದಕ್ಕೆ ಮೊದ್ಲು ಚಾಕು ತಗೊಂಡು ಆ ಸಂದಿ ಉದ್ದಕ್ಕೂ ಗೀರಿ, ಆಮೇಲೆ ಉದ್ದದ ಪಟ್ಟಿಯ ಮಧ್ಯದಲ್ಲಿ ತೆಳು ಉಳಿ ತೂರಿಸಿ ನಿಧಾನಕ್ಕೆ ಎತ್ತಿ, ಪಟ್ಟಿ ಬಿಲ್ಲಿನ ಥರ ಬಾಗಿ ಮೊಳೆ ಸಮೇತ ಬರುತ್ತೆ. ಮೊಳೆ ತಲೆ ಕಡೆಯಿಂದ ಕೀಳಬೇಡಿ, ಪಟ್ಟಿ ತಿರುಗಿಸಿ ಹಿಂದಿನಿಂದ ಇಕ್ಕಳ ಹಾಕಿ ಎಳೀರಿ, ಮುಂದಿನ ಮುಖ ಕೆಡಲ್ಲ. ಯಾವುದು ಮೇಲಿಂದು ಯಾವುದು ಎಡಗಡೇದು ಅಂತ ಪೆನ್ಸಿಲ್ಲಲ್ಲಿ ಬರ್ಕೊಳ್ಳಿ, ನಾಲ್ಕೂ ಒಂದೇ ಥರ ಕಾಣುತ್ತೆ ಆದ್ರೆ ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ.

ಈಗ ಅಳತೆ. ಕಣ್ಣಿಗೆ ಕಾಣೋ ಗಾಜಿನ ಅಳತೆ ಅಲ್ಲ, ಗಾಜು ಹೋಗಿ ಕೂರೋ ಒಳ ಅಂಚಿಂದ ಅಂಚಿಗೆ. ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೀರಿ, ಎಲ್ಲಕ್ಕಿಂತ ಕಮ್ಮಿ ಬಂದಿದ್ದನ್ನ ಹಿಡ್ಕೊಳ್ಳಿ, ಅದರಲ್ಲೂ ಒಂದು ಸೂತ್ ಕಳೀರಿ. ಇಂಚಿಗೆ ಎಂಟು ಸೂತ್, ಅಂದ್ರೆ ಒಂದು ಸೂತ್ ಹೆಚ್ಚುಕಮ್ಮಿ 3 ಎಂಎಂ. ಜಾಗ 15 ಇಂಚು 4 ಸೂತ್ ಇದ್ರೆ ಗಾಜು 15 ಇಂಚು 3 ಸೂತ್ ಸಾಕು. ಇದ್ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬಿಗಿಯಾಗಿ ಕೂರಿಸಿದ ಗಾಜಿಗೆ ಜರುಗೋಕೆ ಜಾಗ ಇರಲ್ಲ, ಯಾರೂ ಮುಟ್ಟದೇ ಒಂದಿನ ಟಪ್ ಅಂತ ಸೀಳು ಬಿಡುತ್ತೆ, ಆಮೇಲೆ ಅಂಗಡಿಯೋನಿಗೆ ಬೈತೀರಿ. ಮೂಲೆಯಿಂದ ಎದುರು ಮೂಲೆಗೂ ಅಳತೆ ಟೇಪ್ ಹಿಡಿದು ನೋಡಿ, ಎರಡು ಅಳತೆ ಬೇರೆ ಬೇರೆ ಬಂದ್ರೆ ಬಾಗಿಲು ಸೊಟ್ಟಗಾಗಿದೆ ಅಂತ, ಆಗ ಹಳೇ ಕ್ಯಾಲೆಂಡರ್ ರಟ್ಟು ಕತ್ತರಿಸಿ ಅಚ್ಚು ಮಾಡ್ಕೊಂಡು ಅದನ್ನೇ ಅಂಗಡಿಗೆ ಒಯ್ಯಿರಿ.

ಸಾಮಾನ್ಯ ಕಿಟಕಿಗೆ 4 ಎಂಎಂ ಸಾಕು, ಬಚ್ಚಲಮನೆಗೆ ಪಿನ್‌ಹೆಡ್, ಅಂದ್ರೆ ಆಚೆಯದು ಮಸುಕಾಗಿ ಕಾಣೋ ಚುಕ್ಕಿ ಚುಕ್ಕಿ ಗಾಜು. ಕತ್ತರಿಸೋ ಕೆಲ್ಸ ಅಂಗಡಿಯೋನಿಗೇ ಬಿಡಿ. ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಬೇಕಂದ್ರೆ ಸರಿಯಾದ ಅಳತೆ ಕೊಟ್ಟು ಆರ್ಡರ್ ಮಾಡ್ಬೇಕು, ಒಂದ್ಸಲ ಟಫನ್ ಆದ್ಮೇಲೆ ಅದನ್ನ ಕತ್ತರಿಸೋಕಾಗಲ್ಲ, ಕಾಳುಕಾಳಾಗಿ ಒಡೆದುಹೋಗುತ್ತೆ. 4 ಎಂಎಂ ಗಾಜು ಚದರಡಿಗೆ ಸುಮಾರು ಒಂದು ಕೇಜಿ ತೂಗುತ್ತೆ, ಹಾಗಾಗಿ ದೊಡ್ಡದಾದ್ರೆ ಸ್ಕೂಟರ್ ಬೇಡ, ಆಟೋದಲ್ಲಿ ತನ್ನಿ, ನಿಲ್ಲಿಸಿಕೊಂಡೇ ಹಿಡ್ಕೊಳ್ಳಿ, ಮಲಗಿಸಿದ್ರೆ ಮೊದಲ ರೋಡ್ ಹಂಪ್‌ಗೇ ಗೋವಿಂದ.

ಕೂರಿಸೋಕೆ ಮುಂಚೆ ಅಂಚಲ್ಲಿರೋ ಹಳೇ ಲಪ್ಪ (ಗಾಜು ಕೂರಿಸೋ ಪುಟ್ಟಿ), ಮೊಳೆ ಚೂರು ಎಲ್ಲಾ ಕೆರೆದು ತೆಗೀರಿ, ಬೆರಳಾಡಿಸಿ ನೋಡಿ, ಗಾಜಿನ ಕೆಳಗೆ ಒಂದು ಮರಳು ಕಾಳಿದ್ರೂ ಅಲ್ಲಿಂದ್ಲೇ ಸೀಳು ಬಿಡೋದು. ಮರಕ್ಕೆ ಒಂದು ಕೈ ಪ್ರೈಮರ್ ಬಳಿದು ಒಣಗಿಸಿ, ತೆಳ್ಳಗೆ ಸಿಲಿಕಾನ್ ಅಂಟು ಎಳೆದು ಗಾಜನ್ನ ಅಂಚಿನ ಸುತ್ತ ಹಗುರವಾಗಿ ಒತ್ತಿ, ಮಧ್ಯದಲ್ಲಿ ಒತ್ತಬೇಡಿ. ಪಟ್ಟಿಗಳಲ್ಲಿ ಗಿಡ್ಡಂದು ಮೊದ್ಲು, ಉದ್ದಂದು ಆಮೇಲೆ. ಮುಕ್ಕಾಲು ಇಂಚಿನ ಸಣ್ಣ ಮೊಳೆ ತಗೊಂಡು ಅದರ ಚೂಪು ತುದಿಗೆ ಸುತ್ತಿಗೇಲಿ ಒಂದು ಏಟು ಕೊಟ್ಟು ಮೊಂಡು ಮಾಡ್ಕೊಳ್ಳಿ, ಪಟ್ಟಿ ಸೀಳಲ್ಲ. ಹೊಡೆಯೋವಾಗ ಗಾಜಿನ ಮೇಲೆ ರಟ್ಟು ಇಟ್ಟು, ಸುತ್ತಿಗೇನ ಮೇಲೆತ್ತದೇ ರಟ್ಟಿನ ಮೇಲೇ ಮಲಗಿಸಿ ಜಾರಿಸಿ ಜಾರಿಸಿ ತಟ್ಟಬೇಕು, ಆಗ ಏಟು ಮೊಳೆಗಷ್ಟೇ ಬೀಳುತ್ತೆ.

ಹಳೇ ಕ್ವಾರ್ಟರ್ಸ್‌ಗಳಲ್ಲಿರೋ ಕಬ್ಬಿಣದ ಕಿಟಕಿ ಕಥೆ ಸ್ವಲ್ಪ ಬೇರೆ. ಅಲ್ಲಿ ಪಟ್ಟಿ ಇರಲ್ಲ, ಚಾಕ್ ಪುಡಿ ಅಗಸೆ ಎಣ್ಣೆ ಕಲಸಿದ ಲಪ್ಪ ಇರುತ್ತೆ, ಕಲ್ಲಾಗಿರುತ್ತೆ, ತಾಳ್ಮೆಯಿಂದ ಉಳೀಲಿ ಬಿಡಿಸಬೇಕು. ತುಕ್ಕು ಹಿಡಿದಿದ್ರೆ ಪೂರ್ತಿ ಉಜ್ಜಿ ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹಚ್ಚದೇ ಗಾಜು ಹಾಕ್ಲೇಬೇಡಿ, ತುಕ್ಕು ಉಬ್ಬಿ ಗಾಜನ್ನ ಒತ್ತುತ್ತೆ. ಹೊಸ ಲಪ್ಪ ಮೇಲೆ ಗಟ್ಟಿ ಕಂಡ್ರೂ ಒಳಗೆ ಹಸೀನೇ ಇರುತ್ತೆ, ಒಂದೆರಡು ವಾರ ಬಿಟ್ಟು ಬಣ್ಣ ಹೊಡೀರಿ, ಬಣ್ಣ ಗಾಜಿನ ಮೇಲೂ ಒಂದು ಗೆರೆಯಷ್ಟು ಹತ್ತಬೇಕು, ಆಗ್ಲೇ ನೀರು ಒಳಗಿಳಿಯಲ್ಲ. ಅದಕ್ಕಿಂತ ಜಾಸ್ತಿ ಹತ್ತಿದ್ದನ್ನ ಒಣಗಿದ ಮೇಲೆ ಬ್ಲೇಡಲ್ಲಿ ಕೆರೀರಿ.